ಟ್ರಂಕಮ್ಮನ ಸೊಸೆ

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಾರು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತು, ಊರೂರಿಗೆ ಟ್ರಂಕ್ ಕಾಲ್ ಜೋಡಿಸಿಕೊಟ್ಟವರಿಗೆ ಜೊತೆಯವರು ಇಟ್ಟ ಹೆಸರು ಟ್ರಂಕಮ್ಮ. ಆ ಎಕ್ಸ್‌ಚೇಂಜ್ ಮುಚ್ಚಿ, ಅದೇ ಕಟ್ಟಡಕ್ಕೆ ಮಂಚ ಕುರ್ಚಿಗಳ ಅಂಗಡಿ ಬಂದು ಎಷ್ಟೋ ಕಾಲವಾದರೂ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಮಗನ ಮನೆಯಲ್ಲೂ ಮೊಮ್ಮಗಳಿಗೆ ಕೋಪ ಬಂದರೆ ಅಜ್ಜಿ ಎನ್ನುತ್ತಿರಲಿಲ್ಲ. "ಟ್ರಂಕಮ್ಮನೋರೇ, ಲೈನ್ ಕಟ್ ಮಾಡಿ" ಎನ್ನುತ್ತಿದ್ದಳು.

ಮಗನ ಮನೆ ಸೇರಿ ಆರು ವರ್ಷವಾಗಿತ್ತು. ಎರಡನೇ ಮಹಡಿಯ ಮನೆ, ಮೂರು ಕೋಣೆ, ಒಂದು ಬಾಲ್ಕನಿ. ಮಗ ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವವನು. ಮನೆಯಲ್ಲಿ ಯಾರು ನಕ್ಕರೂ ಮೊದಲು ಹಲ್ಲಿನ ಸಾಲು ನೋಡುವ ಚಾಳಿ. ಸೊಸೆ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಟೆನಿಸ್ ಕೋಚ್. ಎಳೆದಾಗ ಸದ್ದಾಗಬಾರದೆಂದು ಊಟದ ಕುರ್ಚಿಗಳ ಕಾಲಿಗೆಲ್ಲ ಹಳೆಯ ಟೆನಿಸ್ ಚೆಂಡು ಕೊಯ್ದು ತೊಡಿಸಿಟ್ಟಿದ್ದಳು. ಬಾಲ್ಕನಿಯ ಹಗ್ಗದಲ್ಲಿ ಬಟ್ಟೆಗಿಂತ ರಾಕೆಟ್ಟುಗಳೇ ಜಾಸ್ತಿ.

ಟ್ರಂಕಮ್ಮನಿಗೆ ಸೊಸೆಯ ಮೇಲೆ ದ್ವೇಷವೇನೂ ಇರಲಿಲ್ಲ. ಅಸಮಾಧಾನ ಮಾತ್ರ ಬೇಕಾದಷ್ಟಿತ್ತು. ಬೆಳಗ್ಗೆ ಐದಕ್ಕೇ ಎದ್ದು ಹೋಗುವವಳು ವಾಪಸ್ಸು ಬಂದರೆ ಅವಳ ಶೂಗಳ ಕೆಂಪು ಮಣ್ಣು ಬಾಗಿಲಿನಿಂದ ಬಚ್ಚಲಿನವರೆಗೆ ಸಾಲು ಹಿಡಿಯುತ್ತಿತ್ತು. ಬಡಿಸುವುದು ಎಡಗೈಯಲ್ಲಿ, ಸೌಟು ಅಡ್ಡಾದಿಡ್ಡಿ. ಅಡುಗೆಮನೆಯ ಮೇಲಿನ ಕಪಾಟನ್ನು ಆರು ವರ್ಷದಲ್ಲಿ ಒಂದು ಸಲವಾದರೂ ಒರೆಸಿದವಳಲ್ಲ. ಇವೆಲ್ಲಕ್ಕಿಂತ ದೊಡ್ಡ ದೂರು ಎಂದರೆ ಅವಳು ಬಾಯಿ ಬಿಡುತ್ತಿರಲಿಲ್ಲ. ಮಗ ಕೆಲಸಕ್ಕೆಂದು ಈ ಊರಿಗೆ ಬಂದವನು ತಾನೇ ನೋಡಿ ಮದುವೆಯಾಗಿದ್ದ. ಅಷ್ಟು ಹೊತ್ತಿಗೆ ಹುಡುಗಿಯ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. "ನಿಮ್ಮಪ್ಪ ಏನು ಕೆಲಸದಲ್ಲಿದ್ರಮ್ಮ?" ಎಂದು ಟ್ರಂಕಮ್ಮ ಕೇಳಿದ್ದಕ್ಕೆ, "ಕ್ಲಬ್ಬಲ್ಲಿದ್ರು" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು. ಕ್ಲಬ್ಬಿನ ಸದಸ್ಯರೋ, ಮ್ಯಾನೇಜರೋ, ಇನ್ನೇನೋ, ಟ್ರಂಕಮ್ಮನಿಗೆ ಅದುವರೆಗೂ ತಿಳಿದಿರಲಿಲ್ಲ. ಜೀವಮಾನವಿಡೀ ಜನರ ಮಾತನ್ನು ಜನರಿಗೆ ತಲುಪಿಸಿದವರಿಗೆ, ಮಾತೇ ಹೊರಡದ ಸೊಸೆ ಸಿಕ್ಕಿದ್ದಳು.

ಆ ವರ್ಷ ಕಾಲೇಜಿಗೆ ಹೊಸ ಪ್ರಿನ್ಸಿಪಾಲರು ಬಂದರು. ಬಂದ ತಿಂಗಳೊಳಗೆ ಒಂದು ಸುತ್ತೋಲೆ ಹೊರಟಿತು. ಆ ಭಾನುವಾರ ಮಧ್ಯಾಹ್ನ ಸೊಸೆ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತ ಕೂತವಳು ತಲೆಯೆತ್ತದೆ ಹೇಳಿದಳು.

"ಅರ್ಜಿ ಹಾಕ್ಬೇಕಂತೆ."

"ಯಾರು?" ಎಂದ ಮಗ.

"ನಾನೇ. ನನ್ನ ಕೆಲಸಕ್ಕೆ."

ವಿಷಯ ಹೀಗಿತ್ತು. ಇಪ್ಪತ್ತೆರಡು ವರ್ಷದಿಂದ ಅವಳದು ತಾತ್ಕಾಲಿಕ ನೌಕರಿ; ವರ್ಷಕ್ಕೊಂದು ಸಲ ಕಾಗದಕ್ಕೆ ಸಹಿ, ಮತ್ತೆ ಒಂದು ವರ್ಷ. ಈಗ ಆ ಜಾಗವನ್ನು ಕಾಯಂ ಮಾಡುತ್ತಾರೆ. ಕಾಯಂ ಜಾಗ ಎಂದ ಮೇಲೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಹೊರದೇಶಗಳಲ್ಲೆಲ್ಲ ಆಡಿ ಬಂದ ಒಬ್ಬ ಆಟಗಾರ್ತಿ ಆಗಲೇ ಹಾಕಿದ್ದಾಳೆಂದು ಸುದ್ದಿ.

"ಹಾಕು ಮತ್ತೆ. ಅದರಲ್ಲೇನಿದೆ?" ಎಂದ ಮಗ.

"ಇಪ್ಪತ್ತೆರಡು ವರ್ಷ ಅದೇ ಕೋರ್ಟಲ್ಲಿ ನಿಂತಿದೀನಿ. ನಾನು ಯಾರು ಅಂತ ಈಗ ನಾಲ್ಕು ಪುಟ ಬರೆದು ಕೊಡ್ಬೇಕಾ? 'ನಿಮ್ಮ ಹಿನ್ನೆಲೆ ತಿಳಿಸಿ' ಅಂತೆ. 'ನೀವು ಆಡಿದ ಅಂತರರಾಷ್ಟ್ರೀಯ ಪಂದ್ಯಾವಳಿಗಳನ್ನು ತಿಳಿಸಿ' ಅಂತೆ."

"ಬೇಡವೇ ಬೇಡ ಬಿಟ್ಟುಬಿಡು," ಎಂದು ಟ್ರಂಕಮ್ಮ ನಡುವೆ ಬಂದರು. "ಆ ಖಾಸಗಿ ಅಕಾಡೆಮಿಯವರು ಎರಡರಷ್ಟು ಸಂಬಳ ಕೊಡ್ತೀವಿ ಅಂತ ಕರೀತಿದ್ದಾರಲ್ಲ, ಅಲ್ಲಿಗೆ ಹೋಗು. ಬೆಳಗ್ಗೆ ಮನುಷ್ಯರ ಥರ ಏಳಬಹುದು."

"ಅಲ್ಲಿಗೆ ಹೋಗಲ್ಲ ಅತ್ತೆ."

"ಯಾಕೆ?"

"ಅಲ್ಲಿ ದುಡ್ಡಿದ್ದೋರಿಗೆ ಕೋರ್ಟು."

"ನಿನ್ನ ಕಾಲೇಜಲ್ಲಿ?"

"ಬೆಳಗ್ಗೆ ಐದೂವರೆಗೆ ಬಂದೋರಿಗೆ ಕೋರ್ಟು."

ಸಿಪ್ಪೆಯ ತಟ್ಟೆ ಎತ್ತಿಕೊಂಡು ಅವಳು ಒಳಗೆ ಹೋದಳು. ಮಗ ಅಮ್ಮನ ಮುಖ ನೋಡಿದ. ಹದಿನಾರರ ಮೊಮ್ಮಗಳು ಪುಸ್ತಕದ ಹಿಂದಿನಿಂದಲೇ, "ಅಮ್ಮ ಅರ್ಜಿ ಹಾಕಲ್ಲ, ಬರೆದಿಟ್ಕೊಳ್ಳಿ" ಎಂದಳು.

ಒಂದು ವಾರ ಕಳೆದರೂ ಅರ್ಜಿ ಮೊಮ್ಮಗಳ ಕಂಪ್ಯೂಟರಿನಲ್ಲಿ ಖಾಲಿಯಾಗಿಯೇ ಉಳಿಯಿತು. ಸೊಸೆಯ ಹೆಸರು, ಹುಟ್ಟಿದ ದಿನ, ವಿಳಾಸ, ಅಷ್ಟೇ. ಅದೂ ಮೊಮ್ಮಗಳು ತುಂಬಿದ್ದು. ಮಗ ದಿನಕ್ಕೊಂದು ಸಲ ನೆನಪಿಸುವುದು, ಸೊಸೆ ದಿನಕ್ಕೊಂದು ಸಲ "ನೋಡೋಣ" ಎನ್ನುವುದು, ಇದೇ ಆಯಿತು. ಅವಳಿಗೆ ಪುರುಸೊತ್ತೂ ಇರಲಿಲ್ಲ. ಅಂತರ ಕಾಲೇಜು ಪಂದ್ಯಗಳು ನಡೆಯುತ್ತಿದ್ದವು, ತಂಡ ಸೆಮಿಫೈನಲಿಗೆ ಬಂದಿತ್ತು.

"ನಿಮ್ಮಮ್ಮ ಏನೇನು ಗೆದ್ದಿದ್ದಾಳೆ ಅಂತ ನಿನಗಾದರೂ ಗೊತ್ತಾ?" ಎಂದು ಟ್ರಂಕಮ್ಮ ಮೊಮ್ಮಗಳನ್ನು ಕೇಳಿದರು.

"ಅಮ್ಮ ಆಡೋದನ್ನ ನಾನು ನೋಡೇ ಇಲ್ಲ ಅಜ್ಜಿ. ಆಡ್ಸೋದು ನೋಡಿದೀನಿ."

ಟ್ರಂಕಮ್ಮನಿಗೆ ಇದು ಸರಿ ಕಾಣಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಒಂದು ಹಾಳೆಯಲ್ಲಿ 'ಹಳೇ ಹುಡುಗಿಯರು' ಎಂದು ಬರೆದು ಕೆಳಗೆ ಇಪ್ಪತ್ತು ಮೂವತ್ತು ಫೋನ್ ನಂಬರುಗಳಿದ್ದವು. ಮರುದಿನ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ, ಟ್ರಂಕಮ್ಮ ಹಾಳೆಯನ್ನು ಕಿತ್ತು ಮೇಜಿನ ಮೇಲಿಟ್ಟುಕೊಂಡು, ಒಂದು ನೋಟ್‌ಬುಕ್ ತೆರೆದು, ಕನ್ನಡಕ ಏರಿಸಿ ಕೂತರು. ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಮೊದಲು ಸಿಕ್ಕವಳು ದನದ ಡಾಕ್ಟರು.

"ಕೋಚಮ್ಮನ ಅತ್ತೆಯಾ? ಅವರಿಗೇನಾಯ್ತು?" ಎಂದು ಗಾಬರಿಯಾದಳು.

"ಏನೂ ಆಗಿಲ್ಲಮ್ಮ. ಅವಳು ನಿಮಗೆ ಏನು ಕಲಿಸಿದ್ಲು, ಹೇಗೆ ಕಲಿಸಿದ್ಲು, ಅಷ್ಟು ಹೇಳು."

"ನಾವು ಅವರ ಮೊದಲನೇ ತಂಡ. ಹನ್ನೊಂದು ಪಂದ್ಯ ಆಡಿ ಹನ್ನೊಂದೂ ಸೋತ್ವಿ. ನೆಟ್ಟು ಹರಿದು ಜೋಲಾಡ್ತಿತ್ತು, ಅವರೇ ದಬ್ಬಳ ಹಿಡಿದು ಹೊಲೀತಿದ್ರು. ಒಂದು ಸೋಲಿಗೂ ಬೈದೋರಲ್ಲ. ಒಂದೇ ಒಂದು ಸಲ ಬೈದಿದ್ದು ನೆನಪಿದೆ, ನಾನು ಪರೀಕ್ಷೆ ಬಿಟ್ಟು ಆಡೋಕೆ ಬಂದಾಗ. ರಾಕೆಟ್ಟು ಕಿತ್ತುಕೊಂಡು ಪರೀಕ್ಷೆ ಹಾಲಿನ ಬಾಗಿಲವರೆಗೂ ಎಳ್ಕೊಂಡು ಹೋಗಿದ್ರು."

ಎರಡನೆಯವಳು ಅಗ್ನಿಶಾಮಕ ಠಾಣೆಯ ಅಧಿಕಾರಿ. ಮೂರನೆಯವಳು ಗಣಿತದ ಟೀಚರು. ನಾಲ್ಕನೆಯವಳು ತಾನೇ ಒಂದು ಕಾಲೇಜಿನಲ್ಲಿ ಟೆನಿಸ್ ಕೋಚ್. "ಅವರ ಕೈಲಿ ಕಲಿತು ಕೋಚ್ ಆದೋರು ಈ ಊರಲ್ಲೇ ಮೂರು ಜನ ಇದೀವಿ ಅಜ್ಜಿ," ಎಂದು ಅವಳು ನಕ್ಕಳು. "ಮೇಡಂ ತಂಡ ಈಗ ಸೋತ್ರೂ ಸ್ವಂತ ಮಕ್ಕಳ ಕೈಲೇ ಸೋಲ್ಬೇಕು. ಈ ಸಲ ಸೆಮಿಫೈನಲಲ್ಲಿ ನನ್ನ ತಂಡದ ಎದುರೇ ಆಡ್ತಾರೆ."

ಹನ್ನೊಂದಕ್ಕೆ ಹನ್ನೊಂದೂ ಸೋತವರ ತಂಡ ಆಮೇಲೆ ಒಂಬತ್ತು ಸಲ ಕಪ್ಪು ಗೆದ್ದಿತ್ತು. ಮನೆಯ ಯಾವ ಮೂಲೆಯಲ್ಲೂ ಒಂದು ಕಪ್ಪು ಇರಲಿಲ್ಲ. ಅಷ್ಟೂ ಕಾಲೇಜಿನ ಗಾಜಿನ ಬೀರುವಿನಲ್ಲಿದ್ದವಂತೆ. ಟ್ರಂಕಮ್ಮ ಬರೆದುಕೊಂಡರು. ಮೂರನೆಯ ದಿನಕ್ಕೆ ನೋಟ್‌ಬುಕ್ಕಿನ ಅರ್ಧ ತುಂಬಿತ್ತು. ಅಷ್ಟರಲ್ಲಿ ಯಾರೋ ಒಬ್ಬಳು ಇನ್ನೊಂದು ನಂಬರು ಕೊಟ್ಟಳು. ಸೊಸೆಯ ಜೊತೆಗೇ ಡಬಲ್ಸ್ ಆಡುತ್ತಿದ್ದವಳು, ಈಗ ಪೆನ್ನು ಪುಸ್ತಕದ ಅಂಗಡಿ ಇಟ್ಟವಳು. ಗಿರಾಕಿಗಳಿಗೆ ಚಿಲ್ಲರೆ ಕೊಡುತ್ತಲೇ ಮಾತಿಗೆ ಕೂತಳು.

"ಅವಳ ಸರ್ವ್ ಅಂದ್ರೆ ಚೆಂಡು ಕಾಣಿಸ್ತಿರಲಿಲ್ಲ ಅಮ್ಮ, ಸದ್ದು ಮಾತ್ರ ಕೇಳಿಸ್ತಿತ್ತು. ಬಲಗೈ ಎತ್ತಿದಳು ಅಂದ್ರೆ ಎದುರಿಗಿದ್ದೋಳು ಎರಡು ಹೆಜ್ಜೆ ಹಿಂದೆ ಹೋಗೋಳು."

"ಬಲಗೈಯಾ? ನಮ್ಮವಳು ಎಡಚಿ ಅಲ್ವಾ?"

"ನಿಮಗೆ ಗೊತ್ತಿಲ್ವಾ?" ಎಂದು ಮೆಲ್ಲಗೆ ಕೇಳಿದಳು.

ಆಮೇಲೆ ಹೇಳಿದಳು. ಇಪ್ಪತ್ತೊಂದನೇ ವಯಸ್ಸಿನಲ್ಲಿ, ವಿಶ್ವವಿದ್ಯಾಲಯಗಳ ದೊಡ್ಡ ಪಂದ್ಯಾವಳಿಯ ಫೈನಲ್. ಮೂರನೇ ಸೆಟ್ಟಿನಲ್ಲಿ ಬಲ ಭುಜದೊಳಗೆ ಏನೋ ಹರಿಯಿತು. ಬಿಟ್ಟು ಬಾ ಎಂದರು ಎಲ್ಲರೂ. ಇವಳು ಚೆಂಡನ್ನು ಕೆಳಗಿನಿಂದ ಮೆತ್ತಗೆ ಎತ್ತಿ ಹಾಕುತ್ತ, ಓಡಿ ಓಡಿ ಉಳಿದ ಆಟ ಆಡಿ ಗೆದ್ದಳು. ಎರಡು ಆಪರೇಷನ್ ಆದರೂ ಆ ಕೈ ಭುಜದಿಂದ ಮೇಲಕ್ಕೆ ಏಳಲಿಲ್ಲ. ಅದೇ ವರ್ಷ ತಂದೆ ತೀರಿಕೊಂಡರು. ಹುಡುಗಿಯರಿಗೆ ಚೆಂಡು ಎಸೆದುಕೊಡಲು ಯಾರಾದರೂ ಬೇಕೆಂದು ಕಾಲೇಜಿನವರು ತಾತ್ಕಾಲಿಕ ಕೆಲಸ ಕೊಟ್ಟರು. ನೀರಿನ ಟ್ಯಾಂಕಿನ ಗೋಡೆಗೆ ಹೊಡೆದು ಹೊಡೆದು ಎಂಟು ತಿಂಗಳಲ್ಲಿ ಎಡಗೈ ಪಳಗಿಸಿಕೊಂಡಳು.

"ಅವಳ ಅಪ್ಪ ಕ್ಲಬ್ಬಲ್ಲಿ ಏನಾಗಿದ್ರು?" ಎಂದು ಟ್ರಂಕಮ್ಮ ಕೇಳಿದರು.

"ಆಳು ಅಮ್ಮ. ಟೆನಿಸ್ ಕೋರ್ಟಿನ ಆಳು. ನೆಲ ಸಮ ಮಾಡೋ ರೋಲರ್ ಎಳೀತಿದ್ರು. ಸದಸ್ಯರು ಎದ್ದು ಬರೋದರೊಳಗೆ, ಬೆಳಗಿನ ಜಾವ ಮಾತ್ರ ಮಗಳಿಗೆ ಕೋರ್ಟಿಗೆ ಇಳಿಯೋಕೆ ಅಪ್ಪಣೆ ಇತ್ತು. ಅವಳು ಆಟ ಕಲಿತಿದ್ದೆಲ್ಲ ಆ ಒಂದು ಗಂಟೇಲಿ."

ಫೋನಿಟ್ಟ ಟ್ರಂಕಮ್ಮ ಅಡುಗೆಮನೆಗೆ ಹೋಗಿ ಮೇಲಿನ ಕಪಾಟನ್ನು ನೋಡುತ್ತ ಸುಮಾರು ಹೊತ್ತು ನಿಂತರು. ಮಗ ಬಂದು ಕೈಕಾಲು ತೊಳೆಯುವಷ್ಟು ಪುರುಸೊತ್ತೂ ಕೊಡಲಿಲ್ಲ.

"ನಿನಗೆ ಅವಳ ಕೈ ವಿಷಯ ಗೊತ್ತಿತ್ತಾ?"

"ಹೆಂಡತಿ ತಲೆ ಬಾಚ್ಕೊಳ್ಳೋಕೆ ಒದ್ದಾಡೋದು ಗಂಡನಿಗೆ ಗೊತ್ತಿರಲ್ವಾ ಅಮ್ಮ?"

"ನನಗ್ಯಾಕೋ ಹೇಳಲಿಲ್ಲ? ಆರು ವರ್ಷದಿಂದ ಅವಳನ್ನ ಕಪಾಟು ಒರೆಸಲ್ಲ, ಸೋಮಾರಿ ಅಂತಿದೀನಿ!"

"ಹೇಳ್ಬೇಡ ಅಂದಿದ್ದಳು. ಪಾಪ ಅನ್ನಿಸ್ಕೊಳ್ಳೋದಕ್ಕಿಂತ ಸೋಮಾರಿ ಅನ್ನಿಸ್ಕೊಳ್ಳೋದೇ ವಾಸಿಯಂತೆ."

ಮರುದಿನ ಬೆಳಗ್ಗೆ ಕೋರ್ಟಿನಿಂದ ಬಂದ ಸೊಸೆ ಒಲೆಯ ಮುಂದೆ ನಿಂತು ಸುತ್ತ ನೋಡಿದಳು. ಮೇಲಿನ ಕಪಾಟು ಬರಿದಾಗಿ ಥಳಥಳಿಸುತ್ತಿತ್ತು.

"ಉಪ್ಪಿನ ಡಬ್ಬಿ ಎಲ್ಲಿ?"

"ಕೆಳಗಿದೆ. ಸಕ್ಕರೆನೂ ಕೆಳಗೆ, ಎಣ್ಣೆನೂ ಕೆಳಗೆ," ಎಂದರು ಟ್ರಂಕಮ್ಮ ಬ್ರೆಡ್ಡು ಕೊಯ್ಯುತ್ತ.

"ಯಾಕೆ?"

"ನನಗೆ ಮಂಡಿ ನೋವು. ಸ್ಟೂಲ್ ಹತ್ತೋಕಾಗಲ್ಲ."

ನಿನ್ನೆವರೆಗೆ ದಿನಕ್ಕೆ ನಾಲ್ಕು ಸಲ ಎರಡು ಮಹಡಿ ಹತ್ತಿ ಇಳಿಯುತ್ತಿದ್ದವರ ಮಂಡಿಯನ್ನು ಸೊಸೆ ಒಂದು ಗಳಿಗೆ ನೋಡಿದಳು. ಕ್ರೀಡಾಪಟುಗಳ ಸುಳ್ಳು ನೋವು, ನಿಜ ನೋವು ನೋಡಿ ಪಳಗಿದ ಕಣ್ಣು ಅದು. ಸಂಜೆ ಮೇಜಿನ ಖಾನೆಯಲ್ಲಿ ಕತ್ತರಿ ಹುಡುಕುವಾಗ ನೋಟ್‌ಬುಕ್ ಅವಳ ಕೈಗೆ ಸಿಕ್ಕಿತು.

ನಿಂತಲ್ಲೇ ಓದಿದಳು. ಕಿವಿಗಳು ಕೆಂಪಾದವು.

"ಇದನ್ನೆಲ್ಲ ಕೇಳೋಕೆ ನಿಮಗೆ ಯಾರು ಹೇಳಿದ್ರು?"

"ಅರ್ಜಿಗೆ ಬೇಕಾಗುತ್ತಲ್ಲ ಅಂತ..."

"ನನ್ನ ಹುಡುಗಿಯರ ಹತ್ತಿರ ಹೋಗಿ ನನ್ನ ಬಗ್ಗೆ ಒಳ್ಳೇ ಮಾತು ಹೇಳಿ ಅಂತ ಕೈ ಒಡ್ಡಿದ್ರಾ?"

"ಒಡ್ಡೋದೇನು ಬಂತು? ಕೇಳೋ ಮೊದಲೇ ಸುರಿದ್ರು. ಇಷ್ಟೆಲ್ಲ ಇಟ್ಕೊಂಡು ನೀನು ಮೂಗಿ ಥರ ಕೂತ್ರೆ ಯಾರಿಗೆ ಗೊತ್ತಾಗುತ್ತೆ?"

"ಅತ್ತೆ, ಒಂದು ಮಾತು ಕೇಳ್ತೀನಿ. ನಿಮ್ಮ ಎಕ್ಸ್‌ಚೇಂಜಲ್ಲಿ ಇಬ್ಬರು ಮಾತಾಡುವಾಗ ಯಾವತ್ತಾದ್ರೂ ಕದ್ದು ಕೇಳಿದ್ದೀರಾ?"

ಟ್ರಂಕಮ್ಮ ಎದ್ದು ನಿಂತರು. "ಒಂದು ದಿನ ಇಲ್ಲ! ಮೂವತ್ತಾರು ವರ್ಷದಲ್ಲಿ ಒಂದು ದಿನ ಇಲ್ಲ!"

"ಮತ್ತೆ ಮನೇಲಿ ಯಾಕೆ?"

ಸೊಸೆಯ ದನಿ ಇಳಿಯಿತು. "ನನ್ನ ಕಥೆ ನನ್ನ ಬಾಯಿಂದ ಬರ್ಬೇಕು. ಬರದಿದ್ರೆ ಬೇಡ."

ಎರಡು ದಿನ ಮನೆಯಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೊಮ್ಮಗಳು ನಡುವೆ ಕೂತು, "ಅಮ್ಮ ಅಜ್ಜಿಗೆ ಬೀನ್ಸ್ ಬೇಕಾ ಅಂತ ಕೇಳ್ತಿದ್ದಾರೆ. ಅಜ್ಜಿ ಬೇಡ ಅಂತಿದ್ದಾರೆ. ಮೂರು ನಿಮಿಷ ಆಯ್ತು, ಲೈನ್ ಮುಂದುವರಿಸ್ಬೇಕಾ?" ಎಂದು ಎಕ್ಸ್‌ಚೇಂಜ್ ನಡೆಸಿದಳು. ಮಗ ನಗಲು ಹೋಗಿ, ಇಬ್ಬರ ಮುಖವನ್ನೂ ನೋಡಿ ತಟ್ಟೆಗೆ ಬಗ್ಗಿದ.

ಮೂರನೇ ದಿನ ಬೆಳಗ್ಗೆ ಸೊಸೆ ಶೂ ಕಟ್ಟಿಕೊಳ್ಳುತ್ತಿದ್ದಾಗ ಟ್ರಂಕಮ್ಮ ಬಂದು ನೋಟ್‌ಬುಕ್ಕನ್ನು ಅವಳ ಪಕ್ಕದಲ್ಲಿಟ್ಟರು.

"ತಗೋ, ಇದು ನಿನ್ನದು. ಕೇಳಿದ್ದನ್ನ ಮರೆಯೋಕಾಗಲ್ಲ, ಆದ್ರೆ ಇನ್ನೊಬ್ಬರ ಕಿವಿಗೆ ಹಾಕಲ್ಲ. ನಿನ್ನ ಬಗ್ಗೆ ಯಾರ ಹತ್ತಿರವೂ ಇನ್ನು ಒಂದು ಮಾತಾಡಿದ್ರೆ ಕೇಳು." ಜೊತೆಗೆ ಸೇರಿಸಿದರು: "ಕಾಲೇಜಿನ ಆಫೀಸಿಗೂ ಒಂದು ಫೋನ್ ಮಾಡಿದ್ದೆ, ಅದನ್ನೂ ಹೇಳ್ಬಿಡ್ತೀನಿ. ಆಯ್ಕೆ ಸಮಿತಿಯಲ್ಲಿರೋ ಯಾರೋ ಯಜಮಾನರು ಎತ್ಕೊಂಡ್ರು. ಸಂಬಂಧ ಹೇಳಲಿಲ್ಲ. ಅರ್ಜಿಗೆ ಕೊನೇ ದಿನ ಯಾವಾಗ ಅಂತಷ್ಟೇ ಕೇಳಿದೆ. ಶುಕ್ರವಾರ ಅಂತೆ."

ಸೊಸೆ ಶೂ ದಾರದ ಗಂಟು ಬಿಗಿದಳು. "ಮಂಡಿ ನೋವು ಹೇಗಿದೆ?" ಎಂದಳು.

"ಕಡಿಮೆ ಆಗಿದೆ," ಎಂದರು ಟ್ರಂಕಮ್ಮ.

ಗುರುವಾರ ಸಂಜೆ ಅವಳೇ ಕೂತು ಅರ್ಜಿ ತುಂಬಿದಳು. ನಾಲ್ಕು ಪುಟದ ಜಾಗದಲ್ಲಿ ಒಂದು ಪುಟ. 'ಅಂತರರಾಷ್ಟ್ರೀಯ ಪಂದ್ಯಾವಳಿ' ಎಂಬಲ್ಲಿ 'ಇಲ್ಲ' ಎಂದು ಬರೆದು, 'ಹಿನ್ನೆಲೆ' ಎಂಬಲ್ಲಿ 'ಇದೇ ಕಾಲೇಜಿನ ಹಳೆಯ ವಿದ್ಯಾರ್ಥಿನಿ; ಇಪ್ಪತ್ತೆರಡು ವರ್ಷದಿಂದ ಇಲ್ಲೇ ಕೋಚ್' ಎಂದು ಬರೆದಳು. ಮೊಮ್ಮಗಳು ತಲೆ ಚಚ್ಚಿಕೊಂಡಳು.

ಅರ್ಜಿ ಹೋದ ಹತ್ತು ದಿನಕ್ಕೆ ಸಂದರ್ಶನದ ಪತ್ರ ಬಂತು. ಶನಿವಾರ ಬೆಳಗ್ಗೆ ಹತ್ತಕ್ಕೆ. ಸೆಮಿಫೈನಲ್ ಅದೇ ಶನಿವಾರ, ಊರಿನ ಇನ್ನೊಂದು ತುದಿಯ ಕಾಲೇಜಿನಲ್ಲಿ, ಅದೇ ಹತ್ತು ಗಂಟೆಗೆ.

"ಒಂದು ದಿನ ಬೇರೆ ಯಾರಾದ್ರೂ ಹುಡುಗಿಯರ ಜೊತೆ ಹೋಗ್ಲಿ," ಎಂದ ಮಗ. "ಇಪ್ಪತ್ತೆರಡು ವರ್ಷಕ್ಕೆ ಒಂದೇ ದಿನ ಕೇಳ್ತಿರೋದು."

"ಆಗಲ್ಲ."

"ನಿನ್ನ ಕೆಲಸಾನೇ ಹೋದ್ರೆ ಮುಂದಿನ ವರ್ಷ ಆ ಹುಡುಗಿಯರಿಗೆ ಯಾರು?"

"ಮುಂದಿನ ವರ್ಷದ ವಿಷಯ ಮುಂದಿನ ವರ್ಷ. ಈ ಶನಿವಾರ ಅವರಿಗೆ ನಾನು ಬೇಕು."

ಮಗ ತಟ್ಟೆ ಸರಿಸಿ ಎದ್ದ. ಟ್ರಂಕಮ್ಮನ ಕೈ ಫೋನಿನ ಕಡೆ ಹೋಗಿ, ನಡುವೆಯೇ ನಿಂತಿತು. ಯಾವ ಆಫೀಸಿನ ಯಾವ ದೊಡ್ಡವರನ್ನು ಹೇಗೆ ಹಿಡಿಯಬೇಕೆಂದು ಅವರಷ್ಟು ಬಲ್ಲವರು ಇರಲಿಲ್ಲ.

"ನಾನು ಒಂದು ಫೋನ್ ಮಾಡಲಾ?" ಎಂದು ಕೇಳಿದರು. ಕೇಳಿ ಮಾಡುವುದು ಅವರಿಗೆ ಹೊಸತು.

"ಬೇಡ ಅತ್ತೆ. ನಾನೇ ಮಾಡ್ತೀನಿ."

ಎಲ್ಲರ ಎದುರೇ ಮಾಡಿದಳು. "ಶನಿವಾರ ಹತ್ತಕ್ಕೆ ನನ್ನ ತಂಡದ ಪಂದ್ಯ ಇದೆ, ಬರೋಕಾಗಲ್ಲ... ದಿನ ಬದಲಾಯಿಸೋಕೆ ಆಗಲ್ವಾ? ಸರಿ. ಹಾಗಾದ್ರೆ ನನ್ನನ್ನ ಬಿಟ್ಟು ಮುಂದುವರಿಸಿ... ಇಲ್ಲ, ಬೇಜಾರಿಲ್ಲ. ನನ್ನ ಕೆಲಸ ಏನು ಅಂತ ನೋಡ್ಬೇಕು ಅನ್ನಿಸಿದ್ರೆ ಪಂದ್ಯಕ್ಕೆ ಬನ್ನಿ, ಆ ಹೊತ್ತಿಗೆ ನಾನು ಅಲ್ಲೇ ಇರ್ತೀನಿ."

ಶುಕ್ರವಾರದವರೆಗೆ ಆ ಕಡೆಯಿಂದ ಮಾತಿಲ್ಲ. ಶುಕ್ರವಾರ ಸಂಜೆ ಒಂದು ಸಾಲಿನ ಸಂದೇಶ ಬಂತು: ಎಲ್ಲರ ಸಂದರ್ಶನವೂ ಸೋಮವಾರಕ್ಕೆ. ಕಾರಣ ಕೊಟ್ಟಿರಲಿಲ್ಲ.

ಶನಿವಾರ ಟ್ರಂಕಮ್ಮ ಬೆಳಗ್ಗೆಯೇ ಎದ್ದು ಎಂಟು ಜನಕ್ಕಾಗುವಷ್ಟು ಮೊಟ್ಟೆ ಬೇಯಿಸಿ, ಬ್ರೆಡ್ಡಿಗೆ ಬೆಣ್ಣೆ ಸವರಿ, ಡಬ್ಬಿ ತುಂಬಿ, "ನಾನೂ ಬರ್ತೀನಿ" ಎಂದರು. ಸೊಸೆ ಬೇಡವೆನ್ನಲಿಲ್ಲ. ಆರು ವರ್ಷದಲ್ಲಿ ಅವರು ಸೊಸೆಯ ಕೆಲಸ ನೋಡಲು ಹೊರಟದ್ದು ಅದೇ ಮೊದಲು.

ಆ ಕಾಲೇಜಿನದು ಸಿಮೆಂಟಿನ ಅಂಕಣ, ಸುತ್ತ ತಂತಿಬೇಲಿ, ಒಂದು ಕಡೆ ಮೂರು ಸಾಲು ಬೆಂಚು. ಐದು ಆಟದಲ್ಲಿ ಮೂರು ಗೆದ್ದವರು ಫೈನಲಿಗೆ. ಅಂಪೈರ್ ಇಲ್ಲ, ತನ್ನ ಕಡೆ ಬಿದ್ದ ಚೆಂಡು ಗೆರೆಯ ಒಳಗೋ ಹೊರಗೋ ಎಂದು ಆಡುವ ಹುಡುಗಿಯೇ ಹೇಳಬೇಕು. ಇದನ್ನೆಲ್ಲ ಟ್ರಂಕಮ್ಮನಿಗೆ ವಿವರಿಸಿದವರು ಪಕ್ಕದಲ್ಲಿ ಕೂತಿದ್ದ ಬಿಳಿ ಟೋಪಿಯ ಯಜಮಾನರು. ಅವರು ಬಾಯಿ ತೆರೆದ ಕೂಡಲೇ ಟ್ರಂಕಮ್ಮನ ಕಿವಿ ನಿಮಿರಿತು. ಮುಖ ಮರೆತರೂ ಅವರು ದನಿ ಮರೆಯುವವರಲ್ಲ. ಆಫೀಸಿಗೆ ಫೋನ್ ಮಾಡಿದ್ದಾಗ "ಶುಕ್ರವಾರ ಅಮ್ಮ" ಎಂದದ್ದು ಇದೇ ದನಿ. ಆಯ್ಕೆ ಸಮಿತಿಯವರು!

"ನೀವು ಯಾರ ಕಡೆಯವರು?" ಎಂದು ಅವರು ಕೇಳಿದರು.

ಹೇಳಲು ಎಷ್ಟೊಂದಿತ್ತು! ನೆಟ್ಟು ಹೊಲಿದದ್ದು, ಒಂಬತ್ತು ಕಪ್ಪು, ನೀರಿನ ಟ್ಯಾಂಕಿನ ಗೋಡೆ, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು. ಟ್ರಂಕಮ್ಮ ನುಂಗಿಕೊಂಡರು.

"ನಾನು ಊಟದ ಡಬ್ಬಿಯವಳು," ಎಂದು ಹೇಳಿ, ಅವರಿಗೂ ಒಂದು ಮೊಟ್ಟೆ ಕೊಟ್ಟರು.

ನಾಲ್ಕು ಆಟ ಮುಗಿಯುವಾಗ ಎರಡು ಇವರದು, ಎರಡು ಅವರದು. ಐದನೆಯದಕ್ಕೆ ಇಳಿದವಳನ್ನು ತಂಡದವರು ಅಳುಬುರುಕಿ ಎಂದು ಕರೆಯುತ್ತಿದ್ದರು. ಸೋತರೂ ಅಳು, ಗೆದ್ದರೂ ಅಳು. ಆಟ ಮೂರನೇ ಸೆಟ್ಟಿಗೆ ಹೋಯಿತು. ಬದಿ ಬದಲಿಸಲು ಬಂದವಳ ಕಣ್ಣು ಆಗಲೇ ತುಂಬಿತ್ತು. ಸೊಸೆ ಅವಳ ಮುಂದೆ ಮಂಡಿಯೂರಿ ಕೂತಳು. ಏನು ಹೇಳುತ್ತಾಳೋ ಎಂದು ಟ್ರಂಕಮ್ಮ ತಂತಿಬೇಲಿಗೆ ಕಿವಿಯಿಟ್ಟರು.

"ಬೆಳಗ್ಗೆ ಏನು ತಿಂದೆ?"

"ಏನೂ ಇಲ್ಲ ಮೇಡಂ."

"ಈ ಬಾಳೆಹಣ್ಣು ತಿನ್ನು. ನಿಧಾನ. ಅಳು ಬಂದ್ರೆ ಅಳು, ಆದ್ರೆ ಚೆಂಡು ನೋಡ್ಕೊಂಡು ಅಳು."

ಹುಡುಗಿ ನಕ್ಕುಬಿಟ್ಟಳು. ಮೂಗು ಒರೆಸಿಕೊಂಡು ಹೋದವಳು ಒಂದಾದ ಮೇಲೊಂದು ನಾಲ್ಕು ಗೇಮ್ ಹಿಡಿದಳು. ಬೆಂಚಿನ ಮೇಲೆ ಕೂತವರೆಲ್ಲ ನಿಂತರು. ಕೊನೆಗೆ ಎದುರಾಳಿಗೆ ಒಂದೇ ಒಂದು ಪಾಯಿಂಟು ಸಿಕ್ಕರೆ ಮುಗಿಯಿತು ಎಂಬಲ್ಲಿಗೆ ಬಂತು. ಇಬ್ಬರೂ ಬಿಡದೆ ಹೊಡೆದರು. ಎದುರಾಳಿ ಹೊಡೆದ ಒಂದು ಚೆಂಡು ಎತ್ತರಕ್ಕೆ ಹೋಗಿ, ಅಳುಬುರುಕಿಯ ಹಿಂದೆ, ಕೊನೆಯ ಗೆರೆಯ ಹತ್ತಿರ ಬಿತ್ತು. ಹೊರಗೆ ಎಂದುಕೊಂಡರು ಎಲ್ಲರೂ. ಸಿಮೆಂಟಿನ ನೆಲ, ಗುರುತು ಉಳಿಯುವುದಿಲ್ಲ. ಹೊಡೆದ ಹುಡುಗಿಯೇ ತಪ್ಪಿತು ಎಂದು ತಲೆ ಕೊಡವಿ ಹಿಂತಿರುಗಿ ನಡೆಯುತ್ತಿದ್ದಳು.

ಅಳುಬುರುಕಿ ಗೆರೆಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಕೈ ಮುಂದೆ ಚಾಚಿ, ಅಂಗೈಯನ್ನು ನೆಲದ ಕಡೆ ಹಿಡಿದಳು. ಚೆಂಡು ಒಳಗೆ ಎಂಬ ಗುರುತು ಅದು.

"ಒಳಗೆ!" ಎಂದು ಕೂಗಿ ಹೇಳಿದಳು. ಹಾಗೆಂದರೆ ಆಟ ಸೋತಂತೆ, ತಂಡ ಸೋತಂತೆ. ಅವಳು ಅಳಲಿಲ್ಲ.

ಸೊಸೆ ಒಳಗೆ ನಡೆದುಹೋಗಿ, ಆ ಹುಡುಗಿಯ ರಾಕೆಟ್ ಚೀಲವನ್ನು ತನ್ನ ಎಡ ಹೆಗಲಿಗೆ ಹಾಕಿಕೊಂಡು, ಅವಳ ಪಕ್ಕದಲ್ಲಿ ನಡೆದು ಬಂದಳು. ಕೋಚ್ ಆಟಗಾರ್ತಿಯ ಚೀಲ ಹೊರುವುದನ್ನು ತಂಡದ ಹುಡುಗಿಯರು ಅದುವರೆಗೆ ನೋಡಿರಲಿಲ್ಲ. ಎದುರು ತಂಡದ ಕೋಚ್, ಸೊಸೆಯ ಹಳೆಯ ಶಿಷ್ಯೆ, ಓಡಿ ಬಂದಳು.

"ಮೇಡಂ, ನಾನು ಅದು ಹೊರಗೆ ಅಂದ್ಕೊಂಡಿದ್ದೆ."

"ನನಗೂ ಹಾಗೇ ಕಾಣಿಸ್ತು," ಎಂದಳು ಸೊಸೆ. "ಹತ್ತಿರ ಇದ್ದೋಳು ಅವಳು."

ಟ್ರಂಕಮ್ಮ ಪಕ್ಕಕ್ಕೆ ತಿರುಗಿದರೆ ಬಿಳಿ ಟೋಪಿಯವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಟ್ರಂಕಮ್ಮನಿಗೆ ಹೆಮ್ಮೆಯ ಜೊತೆಗೇ ಚಿಂತೆಯೂ ಹತ್ತಿತು. ನೋಡಲೆಂದು ಬಂದವರ ಕಣ್ಣೆದುರೇ ಸೋತರಲ್ಲ! ಸೋತವರಿಗೆ ಯಾರು ಕೆಲಸ ಕೊಡುತ್ತಾರೆ?

ಸೋಮವಾರ ಸಂಜೆ ಊಟದ ಮೇಜಿನ ಸುತ್ತ ಮೂರು ಜನ ಬಾಯಿಗೆ ತುತ್ತಿಡದೆ ಕಾದು ಕೂತಿದ್ದರು. ಸೊಸೆ ನಿಧಾನಕ್ಕೆ ಅನ್ನ ಕಲಸಿದಳು.

"ನಿಮ್ಮ ಅತಿ ದೊಡ್ಡ ಗೆಲುವು ಯಾವುದು ಅಂತ ಕೇಳಿದ್ರು."

"ಏನಂದೆ?" ಎಂದ ಮಗ.

"ಶನಿವಾರದ್ದು ಅಂದೆ."

"ಅಯ್ಯೋ ಅಮ್ಮಾ!" ಎಂದು ಮೊಮ್ಮಗಳು ಮೇಜಿಗೆ ತಲೆ ಇಟ್ಟಳು.

"ಪ್ರಿನ್ಸಿಪಾಲರೂ ತಡೆದ್ರು. 'ಶನಿವಾರ ನೀವು ಸೋತಿರಲ್ಲ' ಅಂದ್ರು. 'ಹೌದು ಸರ್, ಚೆಂಡು ಗೆರೆ ಮೇಲೆ ಬಿದ್ದಿತ್ತು' ಅಂದೆ."

"ಆಮೇಲೆ?"

"ಆಮೇಲೆ ಯಾರೂ ಏನೂ ಕೇಳಲಿಲ್ಲ. ಟೀ ಕೊಟ್ರು."

ಟೀ ಕೊಟ್ಟದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಮನೆಯವರು ಐದು ದಿನ ಚರ್ಚೆ ಮಾಡಿದರು. ಶನಿವಾರ ಮಧ್ಯಾಹ್ನ ಉತ್ತರ ಬಂತು. ಮೊಮ್ಮಗಳು ಲಕೋಟೆ ಒಡೆದು, ಕುರ್ಚಿಯ ಮೇಲೆ ನಿಂತು, "ಕಾಯಂ!" ಎಂದು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದರು. ಮಗ ಹೆಂಡತಿಯ ನಗುವನ್ನು ನೋಡುತ್ತ, ಆ ಒಂದು ದಿನ ಹಲ್ಲಿನ ಸಾಲನ್ನು ಮರೆತ. ಹೊರದೇಶದಲ್ಲಿ ಆಡಿ ಬಂದವಳೂ ಒಂದು ಸಂದೇಶ ಕಳಿಸಿದ್ದಳು, ಬಿಡುವಾದಾಗ ಒಂದು ಬೆಳಗ್ಗೆ ಬಂದು ನಿಮ್ಮ ತರಬೇತಿ ನೋಡಬಹುದೇ ಎಂದು. "ಐದೂವರೆಗೆ ಬನ್ನಿ" ಎಂದು ಸೊಸೆ ಬರೆದಳು.

ಭಾನುವಾರ ಊಟ ಮುಗಿದ ಮೇಲೆ ಅತ್ತೆ ಸೊಸೆ ಇಬ್ಬರೇ ಅಡುಗೆಮನೆಯಲ್ಲಿದ್ದರು. ಸೊಸೆ ತಟ್ಟೆ ತೊಳೆದು ಕೊಡುವುದು, ಟ್ರಂಕಮ್ಮ ಒರೆಸಿ ಇಡುವುದು. ನಾಲ್ಕೈದು ತಟ್ಟೆ ಆದ ಮೇಲೆ ಸೊಸೆ ನಲ್ಲಿ ನಿಲ್ಲಿಸಿದಳು.

"ನಮ್ಮಪ್ಪ ಕ್ಲಬ್ಬಲ್ಲಿ ರೋಲರ್ ಎಳೀತಿದ್ರು ಅತ್ತೆ."

ಟ್ರಂಕಮ್ಮ ಗೊತ್ತು ಎನ್ನಲಿಲ್ಲ. "ಹೌದಾ?" ಎಂದರು.

"ಕೋರ್ಟಿಗೆ ಗೆರೆ ಹಾಕೋದೂ ಅವರೇ. ಒಂದು ಹಗ್ಗ, ಎರಡು ಗೂಟ, ಒಂದು ಬಕೆಟ್ಟು ಸುಣ್ಣದ ನೀರು. ಮಂಡಿ ಮೇಲೆ ಕೂತು, ಉಸಿರು ಬಿಗಿ ಹಿಡಿದು ಎಳೀತಿದ್ರು. ನನಗೆ ಹನ್ನೆರಡು ವರ್ಷ ಇದ್ದಾಗ, ಒಂದು ಆಟದಲ್ಲಿ ಗೆರೆ ಮೇಲೆ ಬಿದ್ದ ಚೆಂಡನ್ನ ಹೊರಗೆ ಅಂದ್ಬಿಟ್ಟೆ. ಗೆದ್ದೆ. ಅಪ್ಪ ನೋಡಿದ್ರು, ಬೈಲಿಲ್ಲ. ಮಾರನೇ ದಿನ ಬೆಳಗ್ಗೆ ಎಬ್ಬಿಸಿ ಕರ್ಕೊಂಡು ಹೋದ್ರು. ಬ್ರಶ್ಶು ಕೈಗೆ ಕೊಟ್ಟು, ಇಡೀ ಕೋರ್ಟಿನ ಗೆರೆ ನನ್ನ ಕೈಲೇ ಹಾಕಿಸಿದ್ರು. ಮಂಡಿ ತರಚಿ ರಕ್ತ ಬಂತು. ಮುಗಿದ ಮೇಲೆ ಪಕ್ಕದಲ್ಲಿ ನಿಂತು ಕೇಳಿದ್ರು, 'ಈಗ ಹೇಳು ಮಗಾ, ಗೆರೆ ಒಳಗಾ, ಹೊರಗಾ?' ಅಂತ."

"ಏನಂದೆ?"

"ಒಳಗೆ ಅಂದೆ."

ಈ ಮಾತನ್ನು ಟ್ರಂಕಮ್ಮನಿಗೆ ಯಾವ ಫೋನಿನಲ್ಲೂ ಯಾರೂ ಹೇಳಿರಲಿಲ್ಲ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. ಒಂದು ಕುರ್ಚಿ ಎಳೆದು ಸೊಸೆಯ ಕಡೆ ತಳ್ಳಿ, ಇನ್ನೊಂದರ ಮೇಲೆ ತಾವು ಕೂತರು.

"ಆಮೇಲೆ?" ಎಂದರು.